ಟಿವಿಯಲ್ಲಿ ಫುಟ್‌ಬಾಲ್ ಅತಿಯಾಯಿತೇ?

ಮಾನ್ಯ ಅಧ್ಯಕ್ಷರೇ, ಕ್ರೀಡಾಸಕ್ತ ಬಂಧುಗಳೇ,

ಟಿವಿಯಲ್ಲಿ ಫುಟ್‌ಬಾಲ್ ಪಂದ್ಯಗಳು ಮಿತಿಮೀರಿ, ಅಭಿಮಾನಿಗಳಿಗೆ ಆಟದ ಮೇಲೇ ಬೇಸರ ಬಂದಿದೆ ಎಂಬ ಮಾತು ಕೆಲವು ವರ್ಷಗಳಿಂದ ಯೂರೋಪಿನಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಈ ಮಾತು ಎಷ್ಟರಮಟ್ಟಿಗೆ ನಿಜ, ನಿಜವಾದರೆ ಬೇಸರ ಯಾವುದರ ಮೇಲೆ ಎಂಬುದನ್ನು ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಇಂದು ಪರಿಶೀಲಿಸಲು ಬಯಸುತ್ತೇನೆ. ಫುಟ್‌ಬಾಲನ್ನು ಮನಸಾರೆ ಪ್ರೀತಿಸುವವನಾಗಿಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದೇನೆ.

ಅತಿಯಾಗುತ್ತದೆ ಎಂಬ ಭಯ ಟಿವಿಯಷ್ಟೇ ಹಳೆಯದು. 1960ರ ಸೆಪ್ಟೆಂಬರ್ 10ರಂದು ಬ್ಲ್ಯಾಕ್‌ಪೂಲ್ ಮತ್ತು ಬೋಲ್ಟನ್ ತಂಡಗಳ ನಡುವಣ ಪಂದ್ಯವನ್ನು ಐಟಿವಿ ನೇರವಾಗಿ ಪ್ರಸಾರ ಮಾಡಿತು. ಇಂಗ್ಲಿಷ್ ಲೀಗ್ ಪಂದ್ಯವೊಂದು ನೇರ ಪ್ರಸಾರವಾದದ್ದು ಅದೇ ಮೊದಲು. ಮನೆಯಲ್ಲೇ ಆಟ ಸಿಕ್ಕಿದರೆ ಮೈದಾನಕ್ಕೆ ಯಾರು ಬರುತ್ತಾರೆ ಎಂದು ಆರ್ಸೆನಲ್, ಟಾಟನ್‌ಹ್ಯಾಮ್‌ನಂಥ ಕ್ಲಬ್‌ಗಳು ಹಿಂದೆ ಸರಿದವು, ಒಪ್ಪಂದ ಅಲ್ಲಿಗೇ ಮುರಿದುಬಿತ್ತು. ಲೀಗ್ ಪಂದ್ಯಗಳ ನೇರ ಪ್ರಸಾರ ಮತ್ತೆ ಬಂದದ್ದು 1983ರಲ್ಲಿ. ನಡುವಿನ ಎರಡು ದಶಕಕ್ಕೂ ಹೆಚ್ಚು ಕಾಲ ಅಭಿಮಾನಿಗೆ ಸಿಗುತ್ತಿದ್ದದ್ದು ಮುಖ್ಯವಾಗಿ ಶನಿವಾರ ರಾತ್ರಿಯ ಮುಖ್ಯಾಂಶಗಳು. ಅವುಗಳಲ್ಲಿ ಹೆಸರುವಾಸಿಯಾದ ಬಿಬಿಸಿಯ ‘ಮ್ಯಾಚ್ ಆಫ್ ದ ಡೇ’ 1964ರ ಆಗಸ್ಟ್‌ನಲ್ಲಿ ಆರಂಭವಾದಾಗ, ಆ್ಯನ್‌ಫೀಲ್ಡ್ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ಆರ್ಸೆನಲ್ ಆಟವನ್ನು ಕಣ್ಣಾರೆ ಕಂಡವರ ಸಂಖ್ಯೆಯ ಅರ್ಧದಷ್ಟು ಜನರೂ ಅದನ್ನು ಟಿವಿಯಲ್ಲಿ ನೋಡಲಿಲ್ಲ.

ಆದರೆ ಟಿವಿ ಇಲ್ಲದಿದ್ದರೆ ಮೈದಾನ ತುಂಬುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. ಫುಟ್‌ಬಾಲ್ ಲೀಗಿನ ಪಂದ್ಯಗಳಿಗೆ 1948–49ರಲ್ಲಿ ಒಟ್ಟು 4.1 ಕೋಟಿಗೂ ಹೆಚ್ಚು ಪ್ರೇಕ್ಷಕರು ಬಂದಿದ್ದರು; 1985–86ರಲ್ಲಿ ಆ ಸಂಖ್ಯೆ 1.65 ಕೋಟಿಗೆ ಕುಸಿದಿತ್ತು. ವಿಶೇಷವೇನೆಂದರೆ, ಹಣದ ಜಗಳದಿಂದಾಗಿ ಆ ಋತುವಿನ ಮೊದಲರ್ಧದಲ್ಲಿ ಟಿವಿಯಲ್ಲಿ ಲೀಗ್ ಫುಟ್‌ಬಾಲೇ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಬ್ರಾಡ್‌ಫರ್ಡ್ ಮೈದಾನದ ಬೆಂಕಿಯಲ್ಲೂ ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲೂ ಪ್ರೇಕ್ಷಕರು ಸತ್ತ ದುರಂತಗಳು, ಪುಂಡರ ಹಾವಳಿ, ಪ್ರೇಕ್ಷಕರು ನಿಲ್ಲುವ ಶಿಥಿಲವಾದ ಮೆಟ್ಟಿಲುಗಳು ಜನರನ್ನು ದೂರವಿಟ್ಟಿದ್ದವು. ಆ ಪಾಪವನ್ನು ಟಿವಿಯ ಮೇಲೆ ಹೊರಿಸಲಾಗದು.

1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿತು. ಚಂದಾ ಕೊಟ್ಟು ನೋಡಬೇಕಾದ ಸ್ಕೈ ಟಿವಿ ಸಂಸ್ಥೆ ವರ್ಷಕ್ಕೆ 60 ಪಂದ್ಯಗಳನ್ನು ನೇರವಾಗಿ ತೋರಿಸುವ ಹಕ್ಕು ಪಡೆಯಿತು. ಆಗ ಲೀಗಿನಲ್ಲಿ 22 ತಂಡಗಳು, 462 ಪಂದ್ಯಗಳು. ಅಂದರೆ ಎಂಟರಲ್ಲಿ ಒಂದು ಪಂದ್ಯ ಮಾತ್ರ ಟಿವಿಯಲ್ಲಿ. 2007ರಿಂದ ಅದು 138 ಆಯಿತು, 2013ರಿಂದ 154, 2016ರಿಂದ 168, 2019ರಿಂದ 200. 2025ರಲ್ಲಿ ಜಾರಿಗೆ ಬಂದ ಒಪ್ಪಂದದ ಪ್ರಕಾರ 380 ಪಂದ್ಯಗಳ ಪೈಕಿ ಕನಿಷ್ಠ 267 ಬ್ರಿಟನ್ನಿನಲ್ಲೇ ನೇರ ಪ್ರಸಾರವಾಗುತ್ತವೆ. ಇದಲ್ಲದೆ, ಕೆಳಗಿನ ಮೂರು ವಿಭಾಗಗಳ ಲೀಗ್ ಮತ್ತು ಅದರ ಕಪ್ ಪಂದ್ಯಗಳಿಗಾಗಿ ಸ್ಕೈ 2024ರಿಂದ ಐದು ವರ್ಷಕ್ಕೆ 93.5 ಕೋಟಿ ಪೌಂಡ್ ಕೊಡಲು ಒಪ್ಪಿದೆ. ಅದರಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಪಂದ್ಯಗಳಿವೆ. ಯೂರೋಪಿನ ಅಗ್ರ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್ 2024ರಲ್ಲಿ 125 ಪಂದ್ಯಗಳಿಂದ 189ಕ್ಕೆ ಏರಿತು. 2026ರ ವಿಶ್ವಕಪ್‌ನಲ್ಲಿ 32ರ ಬದಲು 48 ತಂಡಗಳು, 64ರ ಬದಲು 104 ಪಂದ್ಯಗಳು.

ಇಷ್ಟನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದು 2016–17ರ ಋತುವಿನಲ್ಲಿ. ಮೂರು ವರ್ಷಕ್ಕೆ 513 ಕೋಟಿ ಪೌಂಡ್‌ಗೂ ಮಿಗಿಲಾದ, ಅಲ್ಲಿಯವರೆಗೆ ಕಂಡರಿಯದ ಮೊತ್ತಕ್ಕೆ ಪ್ರಸಾರ ಹಕ್ಕು ಮಾರಾಟವಾಗಿತ್ತು. ಅದರ ಮೊದಲ ವರ್ಷವೇ ಸ್ಕೈಯಲ್ಲಿ ಲೀಗಿನ ನೇರ ಪ್ರಸಾರದ ವೀಕ್ಷಣೆ ಸುಮಾರು ಶೇ 14ರಷ್ಟು ಇಳಿಯಿತು. ಜನ ಬೇಸತ್ತರು ಎಂದು ಪತ್ರಿಕೆಗಳು ಬರೆದವು. ಆದರೆ ನೋಡಬೇಕಾದ ಬೇರೆ ಸಂಗತಿಗಳೂ ಇದ್ದವು. ದೊಡ್ಡ ಅಭಿಮಾನಿ ಬಳಗವುಳ್ಳ ನ್ಯೂಕ್ಯಾಸಲ್ ಮತ್ತು ಆಸ್ಟನ್ ವಿಲ್ಲಾ ಆ ವರ್ಷ ಕೆಳಗಿನ ವಿಭಾಗದಲ್ಲಿ ಆಡುತ್ತಿದ್ದವು. ಋತುವಿನ ಆರಂಭ ರಿಯೊ ಒಲಿಂಪಿಕ್ಸ್‌ನ ನಡುವೆ ಬಿದ್ದಿತ್ತು. ಹಿಂದಿನ ವರ್ಷ ಲೆಸ್ಟರ್ ಸಿಟಿ ಯಾರೂ ಊಹಿಸದಂತೆ ಪ್ರಶಸ್ತಿ ಗೆದ್ದಿದ್ದರಿಂದ ಹೋಲಿಕೆಯ ಅಳತೆಯೇ ಎತ್ತರದಲ್ಲಿತ್ತು. ಮೊಬೈಲಿನಲ್ಲಿ ಗೋಲುಗಳ ತುಣುಕು ನೋಡುವವರೂ, ಕಳ್ಳ ಮಾರ್ಗದ ಪ್ರಸಾರ ನೋಡುವವರೂ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಒಂದು ವರ್ಷದ ಇಳಿಕೆಯನ್ನು ಹಿಡಿದು ತೀರ್ಪು ಕೊಡಲು ನಾನು ಸಿದ್ಧನಿಲ್ಲ.

ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಹಕ್ಕುಗಳ ಬೆಲೆಯಲ್ಲೇ ಇದೆ. 2016ರ ಒಪ್ಪಂದದ ಮೊತ್ತವನ್ನು ಮೂರು ವರ್ಷದ 504 ಪಂದ್ಯಗಳಿಗೆ ಹಂಚಿದರೆ ಪಂದ್ಯವೊಂದಕ್ಕೆ ಸುಮಾರು 1.02 ಕೋಟಿ ಪೌಂಡ್ ಬೀಳುತ್ತದೆ. 2025ರಿಂದ ನಾಲ್ಕು ವರ್ಷದ ಹೊಸ ಒಪ್ಪಂದ 670 ಕೋಟಿ ಪೌಂಡಿನದು. ಅದನ್ನು 1,068 ಪಂದ್ಯಗಳಿಗೆ ಹಂಚಿದರೆ ಪಂದ್ಯಕ್ಕೆ 63 ಲಕ್ಷ ಪೌಂಡ್ ಕೂಡ ಪೂರ್ತಿ ಬರುವುದಿಲ್ಲ. ವರ್ಷದ ಆದಾಯವೂ ಆಗಿನದಕ್ಕಿಂತ ತುಸು ಕಡಿಮೆಯೇ, ಹಣದುಬ್ಬರವನ್ನು ಸೇರಿಸಿದರಂತೂ ಬಹಳ ಕಡಿಮೆ. ಆದಾಯವನ್ನು ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಉಳಿಸಿಕೊಳ್ಳಲು ಲೀಗ್ ನೂರು ಪಂದ್ಯಗಳನ್ನು ಹೆಚ್ಚಾಗಿ ಕೊಡಬೇಕಾಯಿತು. ವೀಕ್ಷಕರು ದಣಿದಿದ್ದಾರೋ ಇಲ್ಲವೋ, ಹೆಚ್ಚುವರಿ ಪಂದ್ಯಕ್ಕೆ ಮೊದಲಿನ ಬೆಲೆ ಇಲ್ಲ ಎಂಬುದನ್ನು ಕೊಳ್ಳುವವರು ಸಹಿ ಹಾಕಿಯೇ ಒಪ್ಪಿದ್ದಾರೆ. ಫ್ರಾನ್ಸಿನ ಪಾಡು ಇದಕ್ಕಿಂತ ಕಷ್ಟದ್ದು: ಅಲ್ಲಿ ಕೆಲವೇ ವರ್ಷಗಳಲ್ಲಿ ಪ್ರಸಾರದ ಒಪ್ಪಂದಗಳು ಒಂದರ ಹಿಂದೊಂದು ಮುರಿದು, ಕೊನೆಗೆ 2025ರಲ್ಲಿ ಲೀಗೇ ತನ್ನ ಸ್ವಂತ ವಾಹಿನಿಯನ್ನು ಆರಂಭಿಸಬೇಕಾಯಿತು.

ಇನ್ನೊಂದು ಕಡೆಯ ಸಾಕ್ಷ್ಯವನ್ನೂ ಅಷ್ಟೇ ಪ್ರಾಮಾಣಿಕವಾಗಿ ಮುಂದಿಡಬೇಕು. ಪ್ರೀಮಿಯರ್ ಲೀಗಿನ ಮೊದಲ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 21,000ದಷ್ಟು ಪ್ರೇಕ್ಷಕರು ಬರುತ್ತಿದ್ದರೆ, ಈಗ 38,000 ದಾಟಿದ್ದಾರೆ; ಖಾಲಿ ಕುರ್ಚಿ ಹುಡುಕಿದರೂ ಸಿಗುವುದು ಕಷ್ಟ. ಜರ್ಮನಿಯ ಬುಂಡೆಸ್‌ಲೀಗದಲ್ಲಿ ಎಲ್ಲ 306 ಪಂದ್ಯಗಳೂ ನೇರ ಪ್ರಸಾರವಾಗುತ್ತವೆ, ಮೈದಾನಗಳೂ ತುಂಬಿರುತ್ತವೆ. ಟಿವಿಯಲ್ಲಿ ಪಂದ್ಯಗಳ ಸಂಖ್ಯೆ ಹೆಚ್ಚಿದಷ್ಟೂ ಜನರ ಪ್ರೀತಿ ಬತ್ತುತ್ತದೆ ಎನ್ನುವುದಾದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಹಾಗಿದ್ದೂ ಅದೇ ಜರ್ಮನಿಯ ಅಭಿಮಾನಿಗಳು 2018ರಲ್ಲಿ ಬಂಡೆದ್ದರು. 2017–18ರಿಂದ ಟಿವಿಗಾಗಿ ವರ್ಷಕ್ಕೆ ಐದು ಪಂದ್ಯಗಳನ್ನು ಸೋಮವಾರ ರಾತ್ರಿಗೆ ಹಾಕಲಾಗಿತ್ತು. ಐದೇ ಐದು. ಫ್ರಾಂಕ್‌ಫರ್ಟ್‌ನಲ್ಲಿ ಲೈಪ್‌ಝಿಗ್ ವಿರುದ್ಧದ ಪಂದ್ಯದ ವೇಳೆ ಪ್ರೇಕ್ಷಕರು ಮೈದಾನದೊಳಕ್ಕೆ ಟೆನಿಸ್ ಚೆಂಡುಗಳನ್ನು ಸುರಿದು ಆಟ ನಿಲ್ಲಿಸಿದರು. ವಾರದ ನಂತರ ಡಾರ್ಟ್‌ಮುಂಡ್‌ನಲ್ಲಿ ಆಗ್ಸ್‌ಬರ್ಗ್ ವಿರುದ್ಧದ ಪಂದ್ಯಕ್ಕೆ, ಸದಾ 80,000 ಜನ ಸೇರುವ ಮೈದಾನದಲ್ಲಿ 54,000ದಷ್ಟು ಮಂದಿ ಮಾತ್ರ ಇದ್ದರು. ಸುಮಾರು 25,000 ಜನ ನಿಂತು ಹಾಡುವ, ‘ಹಳದಿ ಗೋಡೆ’ ಎಂದೇ ಹೆಸರಾದ ದಕ್ಷಿಣದ ಅಟ್ಟಣಿಗೆಯಲ್ಲಿ ಕಾಂಕ್ರೀಟ್ ಕಾಣುತ್ತಿತ್ತು. ಟಿವಿಯಲ್ಲಿ ಫುಟ್‌ಬಾಲ್ ಬೇಡವೆಂದು ಅವರಲ್ಲಿ ಯಾರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ನಮ್ಮನ್ನು ಕೇಳದೆ ನಮ್ಮ ವಾರವನ್ನು ಏಕೆ ಬದಲಿಸಿದಿರಿ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ಲೀಗ್ ಮಣಿಯಿತು, 2021–22ರಿಂದ ಸೋಮವಾರದ ಪಂದ್ಯಗಳು ರದ್ದಾದವು.

ಈ ಘಟನೆಯಲ್ಲೇ ನಮ್ಮ ಪ್ರಶ್ನೆಗೆ ಉತ್ತರವಿದೆ ಎಂದು ನಾನು ನಂಬುತ್ತೇನೆ. ಅಭಿಮಾನಿಗೆ ಪ್ರೀತಿ ಇರುವುದು ತನ್ನ ಒಂದು ತಂಡದ ಮೇಲೆ. ಉಳಿದ ಪಂದ್ಯಗಳನ್ನು ಅವನು ಇಷ್ಟವಿದ್ದರೆ ನೋಡುತ್ತಾನೆ, ಇಲ್ಲವಾದರೆ ಬಿಡುತ್ತಾನೆ. ಅವು ಎಷ್ಟಿದ್ದರೂ ಅವನಿಗೆ ತೊಂದರೆಯಿಲ್ಲ. ಆದರೆ ಅಷ್ಟೊಂದು ಪಂದ್ಯಗಳನ್ನು ಒಂದಕ್ಕೊಂದು ಅಡ್ಡ ಬರದಂತೆ ಹೊಂದಿಸುವುದಕ್ಕಾಗಿ ಅವನ ತಂಡದ ಆಟವನ್ನು ಶನಿವಾರದಿಂದ ಕಿತ್ತು ಎಲ್ಲೆಲ್ಲಿಗೋ ಹಾಕಿದಾಗ ಅವನು ದಣಿಯುತ್ತಾನೆ. ಊರ ತೇರನ್ನು ಯಾವ ದಿನ, ಯಾವ ಹೊತ್ತಿಗೆ ಎಳೆಯಬೇಕೆಂದು ಫೋಟೊ ತೆಗೆಯಲು ಬಂದವರು ಗೊತ್ತುಮಾಡಿದರೆ ಹಗ್ಗ ಹಿಡಿಯುವವರಿಗೆ ಹೇಗನಿಸೀತೋ ಹಾಗೆ.

ಇಂಗ್ಲೆಂಡಿನ ಒಂದು ವಾರಾಂತ್ಯವನ್ನು ಹತ್ತಿರದಿಂದ ನೋಡೋಣ. ಶುಕ್ರವಾರ ರಾತ್ರಿ 8ಕ್ಕೆ ಒಂದು ಪಂದ್ಯವಿರಬಹುದು. ಶನಿವಾರ ಮಧ್ಯಾಹ್ನ 12.30ಕ್ಕೆ, 3ಕ್ಕೆ, ಸಂಜೆ 5.30ಕ್ಕೆ, ಕೆಲವೊಮ್ಮೆ ರಾತ್ರಿ 8ಕ್ಕೆ. ಭಾನುವಾರ 2ಕ್ಕೆ, 4.30ಕ್ಕೆ. ಸೋಮವಾರ ರಾತ್ರಿ 8ಕ್ಕೆ ಮತ್ತೊಂದು. ನ್ಯೂಕ್ಯಾಸಲ್‌ನ ಅಭಿಮಾನಿಯೊಬ್ಬರು ಸೋಮವಾರ ರಾತ್ರಿ ಲಂಡನ್ನಿನಲ್ಲಿ ತಮ್ಮ ತಂಡದ ಆಟ ನೋಡಬೇಕೆಂದುಕೊಂಡರೆ, ಪಂದ್ಯ ಮುಗಿಯುವಾಗ ಹತ್ತು ಗಂಟೆಯಾಗುತ್ತದೆ. ಆ ಹೊತ್ತಿಗೆ ಊರಿಗೆ ರೈಲು ಸಿಗುವುದಿಲ್ಲ. ಬಸ್ಸಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಬೇಕು, ಇಲ್ಲವೇ ಹೋಟೆಲ್ ಕೋಣೆಗೆ ದುಡ್ಡು ತೆತ್ತು ಮರುದಿನ ರಜೆ ಹಾಕಬೇಕು. ಹೊರಗಿನ ತಂಡದ ಅಭಿಮಾನಿಗಳ ಟಿಕೆಟ್ 30 ಪೌಂಡ್ ಮೀರಬಾರದೆಂದು ಲೀಗ್ 2016ರಲ್ಲಿ ನಿಯಮ ಮಾಡಿದ್ದು ಒಳ್ಳೆಯದೇ, ಆದರೆ ದಿನ ಬದಲಾದದ್ದರಿಂದ ಆಗುವ ಖರ್ಚು ಟಿಕೆಟ್ಟಿನ ದರಕ್ಕಿಂತ ಎಷ್ಟೋ ಹೆಚ್ಚು. 2023ರಲ್ಲಿ ವುಲ್ವ್ಸ್ ಮತ್ತು ಚೆಲ್ಸಿ ಪಂದ್ಯವನ್ನು ಕ್ರಿಸ್‌ಮಸ್‌ನ ಹಿಂದಿನ ದಿನ, ಡಿಸೆಂಬರ್ 24ಕ್ಕೆ ಇಟ್ಟರು. ಆ ದಿನ ಲೀಗಿನ ಪಂದ್ಯ ನಡೆದದ್ದು 1995ರ ನಂತರ ಅದೇ ಮೊದಲು. ಅಭಿಮಾನಿ ಸಂಘಗಳು ಎಷ್ಟು ವಿರೋಧಿಸಿದರೂ ಪಂದ್ಯ ನಡೆದೇ ನಡೆಯಿತು.

ಅಭಿಮಾನಿಗಳು ಒಗ್ಗಟ್ಟಾಗಿ ‘ಸಾಕು’ ಎಂದದ್ದೂ ಉಂಟು. 2020ರ ಅಕ್ಟೋಬರ್‌ನಲ್ಲಿ, ಕೋವಿಡ್‌ನಿಂದಾಗಿ ಮೈದಾನಗಳು ಮುಚ್ಚಿದ್ದಾಗ, ಮಾಮೂಲಿ ಪ್ರಸಾರಕ್ಕೆ ಆಯ್ಕೆಯಾಗದ ಪಂದ್ಯಗಳನ್ನು ನೋಡಲು ಪ್ರತಿ ಪಂದ್ಯಕ್ಕೆ 14.95 ಪೌಂಡ್ ಕೊಡಬೇಕೆಂದು ಲೀಗ್ ಹೇಳಿತು. ಕೆಲಸ ಕಳೆದುಕೊಂಡವರಿದ್ದ ಊರುಗಳಲ್ಲಿ ಈ ದರ ಕೇಳಿ ಜನರ ಸಿಟ್ಟು ನೆತ್ತಿಗೇರಿತು. ನ್ಯೂಕ್ಯಾಸಲ್‌ನಿಂದ ಆರಂಭಿಸಿ ಹಲವು ತಂಡಗಳ ಅಭಿಮಾನಿಗಳು ಪಂದ್ಯ ನೋಡುವುದನ್ನು ಬಿಟ್ಟು, ಆ ಹಣವನ್ನು ಸ್ಥಳೀಯ ಆಹಾರ ದಾಸೋಹ ಕೇಂದ್ರಗಳಿಗೆ ದಾನ ಮಾಡಿದರು. ತಿಂಗಳು ಕಳೆಯುವಷ್ಟರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ನನ್ನ ದೃಷ್ಟಿಯಲ್ಲಿ ಇದು ಆಧುನಿಕ ಫುಟ್‌ಬಾಲ್ ಇತಿಹಾಸದ ಅತ್ಯಂತ ಗೌರವಯುತ ಪ್ರತಿಭಟನೆಗಳಲ್ಲೊಂದು.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಯೂರೋಪಿನ ಹನ್ನೆರಡು ಶ್ರೀಮಂತ ಕ್ಲಬ್‌ಗಳು ತಮ್ಮದೇ ಸೂಪರ್ ಲೀಗ್ ಘೋಷಿಸಿದಾಗ, ರಿಯಲ್ ಮ್ಯಾಡ್ರಿಡ್ ಅಧ್ಯಕ್ಷ ಫ್ಲೋರೆಂಟಿನೊ ಪೆರೆಸ್ ಅವರು ಯುವಜನರಿಗೆ ಫುಟ್‌ಬಾಲಿನಲ್ಲಿ ಆಸಕ್ತಿ ಕುಗ್ಗುತ್ತಿದೆ, ಗುಣಮಟ್ಟವಿಲ್ಲದ ಪಂದ್ಯಗಳು ಬಹಳವಾಗಿವೆ ಎಂದು ವಾದಿಸಿದರು. ರೋಗವನ್ನು ಗುರುತಿಸಿದ್ದರಲ್ಲಿ ಸ್ವಲ್ಪ ಸತ್ಯವಿದ್ದಿರಬಹುದು, ಆದರೆ ಅವರು ಸೂಚಿಸಿದ ಮದ್ದು ದೊಡ್ಡ ತಂಡಗಳು ಪರಸ್ಪರ ಇನ್ನಷ್ಟು ಸಲ ಆಡುವುದು. ಬಾರ್ಸಿಲೋನಾ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಭೇಟಿಯಾಗುವುದು ಅಪರೂಪವಾದ್ದರಿಂದಲೇ ಅದಕ್ಕೆ ಕಾಯುತ್ತೇವೆ. ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು, ಎರಡು ದಿನಗಳಲ್ಲಿ ಆರೂ ಇಂಗ್ಲಿಷ್ ಕ್ಲಬ್‌ಗಳು ಹೊರಬಂದವು.

ಆಟಗಾರರ ದಣಿವು ಪ್ರತ್ಯೇಕ ಉಪನ್ಯಾಸಕ್ಕೆ ಸಲ್ಲುವ ವಿಷಯ. 2024ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ, ಪಂದ್ಯಗಳ ಹೊರೆ ತಾಳಲಾರದೆ ಆಟಗಾರರು ಮುಷ್ಕರ ಹೂಡುವ ಹಂತಕ್ಕೆ ಬಂದಿದ್ದಾರೆ ಎಂದರು. ಕೆಲವೇ ದಿನಗಳಲ್ಲಿ ಆರ್ಸೆನಲ್ ವಿರುದ್ಧ ಆಡುವಾಗ ಅವರ ಮಂಡಿಯ ಅಸ್ಥಿರಜ್ಜು ಹರಿಯಿತು. ದಣಿದ ಕಾಲುಗಳ ಆಟವನ್ನು ನೋಡುವವರೂ ಬೇಗ ದಣಿಯುತ್ತಾರೆ ಎಂಬುದನ್ನು ಮಾತ್ರ ಇಲ್ಲಿ ಹೇಳಿ ಮುಂದುವರಿಯುತ್ತೇನೆ.

ನಮ್ಮ ಊರಿಗೂ ಇದಕ್ಕೂ ಒಂದು ನೇರ ಸಂಬಂಧವಿದೆ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್ನಿನಲ್ಲಿ ಫುಟ್‌ಬಾಲ್ ನೇರ ಪ್ರಸಾರಕ್ಕೆ ನಿಷೇಧವಿದೆ. ಹಾಗಾಗಿ 3 ಗಂಟೆಯ ಪಂದ್ಯವನ್ನು ಲಂಡನ್ನಿನ ಮನೆಯಲ್ಲಿ ಕೂತವರು ನೋಡುವಂತಿಲ್ಲ. ಬೆಂಗಳೂರು, ಮಂಗಳೂರಿನಲ್ಲಿ ಕೂತ ನಾವು ಚಳಿಗಾಲದಲ್ಲಿ ರಾತ್ರಿ 8.30ಕ್ಕೆ ಊಟದ ತಟ್ಟೆ ಹಿಡಿದು ನೋಡಬಹುದು. ಅಲ್ಲಿನ ರಾತ್ರಿ 8ರ ಪಂದ್ಯಕ್ಕಾಗಿ ನಮ್ಮ ಯುವಕರು ನಡುರಾತ್ರಿ 1.30ರವರೆಗೆ ಎದ್ದಿರುತ್ತಾರೆ. ಆ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ, ಆರ್ಸೆನಲ್‌ನ ಹನ್ನೊಂದು ಆಟಗಾರರ ಹೆಸರು ಬಲ್ಲ ನಮ್ಮಲ್ಲಿ ಎಷ್ಟು ಜನ ಆ ತಂಡದ ಒಬ್ಬ ಆಟಗಾರನ ಹೆಸರು ಹೇಳಬಲ್ಲವರಾಗಿದ್ದೆವು? ನೋಡುವ ಸಮಯ ಎಲ್ಲರಿಗೂ ಮಿತವಾದದ್ದು. ದೂರದ ಆಟ ಅದನ್ನು ತುಂಬಿಕೊಂಡಷ್ಟೂ ಹತ್ತಿರದ ಆಟಕ್ಕೆ ಜಾಗ ಕಡಿಮೆಯಾಗುತ್ತದೆ.

ಶನಿವಾರ ಮಧ್ಯಾಹ್ನದ ನಿಷೇಧ 1960ರ ದಶಕದಲ್ಲಿ ಬರ್ನ್‌ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಅವರ ಒತ್ತಾಯದಿಂದ ಬಂದದ್ದೂ ಇಂಥದೇ ಆತಂಕದಿಂದ. ದೊಡ್ಡ ತಂಡದ ಆಟ ಟಿವಿಯಲ್ಲಿದ್ದರೆ ಸಣ್ಣ ಊರಿನ ಮೈದಾನ ಖಾಲಿಯಾದೀತು ಎಂಬುದು ಅವರ ವಾದ. ಜರ್ಮನಿಯನ್ನು ತೋರಿಸಿ ಈ ನಿಯಮ ಕಾಲಬಾಹಿರವೆನ್ನುವವರಿದ್ದಾರೆ. ಆದರೆ ಜರ್ಮನಿಯ ದೊಡ್ಡ ಮೈದಾನಗಳು ತುಂಬಿವೆ ಎಂಬುದು ಅಕ್ರಿಂಗ್ಟನ್‌ನಂಥ ಊರಿಗೆ ಉತ್ತರವಾಗುವುದಿಲ್ಲ. ಅಲ್ಲಿ ಕೆಲವೇ ಸಾವಿರ ಪ್ರೇಕ್ಷಕರಲ್ಲಿ ಐನೂರು ಮಂದಿ ಮನೆಯಲ್ಲುಳಿದರೂ ಕ್ಲಬ್ಬಿನ ಲೆಕ್ಕ ತಪ್ಪುತ್ತದೆ. ಟಿವಿಯ ಹಣವನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಕೆಳಗಿನ ಕ್ಲಬ್‌ಗಳು 2002ರಲ್ಲಿ ಕಂಡಿವೆ: ಮೂರು ವರ್ಷಕ್ಕೆ 31.5 ಕೋಟಿ ಪೌಂಡ್ ಕೊಡುತ್ತೇನೆಂದ ಐಟಿವಿ ಡಿಜಿಟಲ್ ನಡುವೆಯೇ ದಿವಾಳಿಯಾಯಿತು, ಆ ಹಣ ಬಂದೇ ಬರುತ್ತದೆಂದು ಆಟಗಾರರೊಂದಿಗೆ ಕರಾರು ಮಾಡಿಕೊಂಡಿದ್ದ ಕ್ಲಬ್‌ಗಳು ಸಾಲದಲ್ಲಿ ಮುಳುಗಿದವು. ಆಗ ಅವುಗಳನ್ನು ಉಳಿಸಲು ಡಬ್ಬಿ ಹಿಡಿದು ಚಂದಾ ಎತ್ತಿದವರು ಮೈದಾನಕ್ಕೆ ಬರುತ್ತಿದ್ದ ಅಭಿಮಾನಿಗಳೇ.

ಈಗಿನ ಒಪ್ಪಂದ 2029ರವರೆಗೆ ಇದೆ. ಪಂದ್ಯದ ಬೆಲೆ ಇಳಿಯುತ್ತಿರುವಾಗ, ಮಾರಲು ಉಳಿದಿರುವುದು ಶನಿವಾರ 3 ಗಂಟೆಯ ಆ ಹೊತ್ತೊಂದೇ. ಅದನ್ನೂ ಮಾರಿಬಿಡಿ ಎಂಬ ಒತ್ತಡ ಬಂದೇ ಬರುತ್ತದೆ. ಮಾರಬಾರದು ಎಂಬುದು ನನ್ನ ಸ್ಪಷ್ಟ ನಿಲುವು. ಅದರ ಜೊತೆಗೆ, ದೂರದ ಊರುಗಳ ತಂಡಗಳ ಪಂದ್ಯವನ್ನು ಸೋಮವಾರ ರಾತ್ರಿಗೆ ಹಾಕಬಾರದು. ದಿನ ಬದಲಿಸುವುದಾದರೆ ಅಗ್ಗದ ದರದ ರೈಲು ಟಿಕೆಟ್ ಸಿಗುವಷ್ಟು ಮೊದಲೇ ತಿಳಿಸಬೇಕು. ತಡವಾಗಿ ಬದಲಿಸಿದರೆ ಟಿಕೆಟ್ ಕೊಂಡವರಿಗೆ ಆದ ನಷ್ಟವನ್ನು ಪ್ರಸಾರದ ಹಣದಿಂದಲೇ ತುಂಬಿಕೊಡಬೇಕು. ಇವನ್ನೆಲ್ಲ ಜಾರಿಗೆ ತಂದರೂ ಟಿವಿಯಲ್ಲಿ ಬರುವ 267 ಪಂದ್ಯಗಳಲ್ಲಿ ಒಂದನ್ನೂ ಕೈಬಿಡಬೇಕಾಗುವುದಿಲ್ಲ.