ಲಾಲ್‌ಬಾಗ್‌ಗೆ ಒಂದು ಇಡೀ ಬೆಳಗ್ಗೆ ಕೊಡಿ

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ನಿಮ್ಮ ಬಳಗದವ್ರೆಲ್ಲ ಬೆಂಗಳೂರು ಟೂರ್ ಹೊರಟಿದೀರಿ, ಅದಕ್ಕೆ ಮುಂಚೆ ಲಾಲ್‌ಬಾಗ್ ಬಗ್ಗೆ ನಾಲ್ಕು ಮಾತು ಆಡಿ ಅಂತ ಕರೆದ್ರಿ, ಖುಷಿಯಿಂದ ಬಂದೆ. ಬಂದ ತಕ್ಷಣ ನಿಮ್ಮ ಪ್ರೋಗ್ರಾಂ ಪಟ್ಟಿ ಕೈಗೆ ಕೊಟ್ರಿ. ಬೆಳಗ್ಗೆ ವಿಧಾನಸೌಧ, ಆಮೇಲೆ ಮ್ಯೂಸಿಯಂ, ಹನ್ನೊಂದೂವರೆಯಿಂದ ಹನ್ನೆರಡೂಕಾಲು ಲಾಲ್‌ಬಾಗ್, ಊಟ, ಚಿಕ್ಕಪೇಟೆಯಲ್ಲಿ ಸೀರೆ. ಅಂದ್ರೆ 240 ಎಕರೆ ತೋಟಕ್ಕೆ ಮುಕ್ಕಾಲು ಗಂಟೆ, ಅದೂ ನೆತ್ತಿ ಸುಡೋ ಹೊತ್ತಲ್ಲಿ. ದಯವಿಟ್ಟು ಅದನ್ನ ಬದಲಾಯಿಸಿ ಅಂತ ಕೇಳ್ಕೊಳ್ಳೋಕೇ ಇವತ್ತು ನಿಂತಿದೀನಿ.

ಏಳನೇ ಕ್ಲಾಸಲ್ಲಿ ನಾನೂ ಹಾಗೇ ನೋಡಿದ್ದು. ಬಸ್ಸಿಂದ ಇಳಿಸಿ ಸಾಲಾಗಿ ಗಾಜಿನ ಮನೆ ತನಕ ನಡೆಸಿದ್ರು, ಮುಂದೆ ನಿಲ್ಸಿ ಒಂದು ಫೋಟೋ ತೆಗೆದ್ರು, ಸೀಟಿ ಊದಿ ವಾಪಸ್ ಬಸ್ ಹತ್ತಿಸಿದ್ರು. ಆಮೇಲೆ ಎಷ್ಟೋ ವರ್ಷ ನಂಗೆ ಲಾಲ್‌ಬಾಗ್ ಅಂದ್ರೆ ಗಾಜಿನ ಮನೆ ಅಷ್ಟೇ.

ತೋಟ ನೋಡೋದು ಹೇಗೆ ಅಂತ ಕಲಿಸಿದ್ದು ನಮ್ಮವ್ವ. ಕಣ್ಣು ತೋರಿಸೋಕೆ ಬೆಂಗಳೂರಿಗೆ ಬಂದಿದ್ಲು, ಡಾಕ್ಟರ್ ಸಿಗೋದು ಮಧ್ಯಾಹ್ನ ಅಂದ್ರು, ಅಲ್ಲಿತನಕ ಏನ್ ಮಾಡೋದು ಅಂತ ಬೆಳಗ್ಗೆ ಆರೂವರೆಗೇ ಕರ್ಕೊಂಡು ಹೋದೆ. ಅವ್ವ ದಾರಿ ನೋಡ್ಕೊಂಡು ನಡೆಯೋಳೇ ಅಲ್ಲ, ಮರ ನೋಡ್ಕೊಂಡು ನಡೆಯೋಳು, ಪ್ರತಿ ಮರದ ಹತ್ರ ನಿಲ್ತಿದ್ಲು, ತೊಗಟೆ ಮುಟ್ತಿದ್ಲು, ಬಿದ್ದ ಎಲೆ ಎತ್ಕೊಂಡು ಮೂಸ್ತಿದ್ಲು. ಒಂದ್ಕಡೆ ನಾಗಲಿಂಗದ ಮರ ಬಂತು, ಕೊಂಬೆ ಬಿಟ್ಟು ಕಾಂಡದ ತುಂಬಾ ಹೂವು, ಕೆಳಗೆ ಗುಂಡಿನ ಥರ ಕಾಯಿ. ಕೈ ಮುಗಿದ್ಲು. ನಾನು ಬೋರ್ಡ್ ಓದಿ, ಅವ್ವ ಇದು ದಕ್ಷಿಣ ಅಮೆರಿಕದ ಮರವಂತೆ ಅಂದೆ. ಅವಳು ನನ್ನ ಮುಖ ನೋಡಿ, "ಸುಮ್ನಿರೋ, ಶಿವನ ಹೂವು ಕಣೋ ಇದು, ನಮ್ಮೂರ ಗುಡಿ ಹಿಂದೆನೂ ಐತೆ" ಅಂದ್ಲು. ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಕೇಳಿದ್ಲು, "ಅಷ್ಟು ದೂರದಿಂದ ಇಲ್ಲಿಗೆ ಯಾರು ತಂದ್ರೋ?"

ಆ ಪ್ರಶ್ನೆಗೆ ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ. ನಾಗಲಿಂಗದ ಆ ಒಂದು ಮರಾನ ಯಾರು ತಂದ್ರು ಅಂತ ಇವತ್ತೂ ಹೇಳಲಾರೆ, ಆದ್ರೆ ದೂರದ ಗಿಡಗಳು ನಮ್ಮ ನೆಲಕ್ಕೆ ಬಂದ ದೊಡ್ಡ ಬಾಗಿಲು ಯಾವ್ದು ಅಂತ ಹೇಳ್ಬಲ್ಲೆ, ಆ ಬಾಗಿಲೇ ಲಾಲ್‌ಬಾಗ್. 1760ರಲ್ಲಿ ಹೈದರಾಲಿ 40 ಎಕರೆಯಲ್ಲಿ ಶುರು ಮಾಡ್ಸಿದ ತೋಟ ಇದು, ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯತೋಟ ಆಯ್ತು. ಅಲ್ಲಿಂದ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದವ್ರು ಒಬ್ಬರಾದ ಮೇಲೊಬ್ರು ಬಂದ್ರು. ಅವರ ಕೆಲಸ ಬರೀ ಹೂವು ಬೆಳೆಸೋದಲ್ಲ, ಹೊರಗಿನ ಗಿಡ ತರಿಸೋದು, ನಮ್ಮ ಹವಾಕ್ಕೆ ಒಗ್ಗುತ್ತಾ ಅಂತ ನೋಡೋದು, ಒಗ್ಗಿದ್ರೆ ಜನರಿಗೆ ಹಂಚೋದು.

ಒಂದು ಉದಾಹರಣೆ ಸಾಕು. ಸೀಮೆಬದನೆಕಾಯಿ ಪಲ್ಯ ತಿನ್ನದ ಮನೆ ಇಲ್ಲಿ ಯಾವ್ದಾದ್ರೂ ಇದೆಯಾ? ಅಮೆರಿಕ ಖಂಡದ ಬಳ್ಳಿ ಅದು, ಹೆಸರಲ್ಲೇ 'ಸೀಮೆ' ಇದೆ ನೋಡಿ. ಅದನ್ನ ಲಾಲ್‌ಬಾಗ್‌ನಲ್ಲಿ ಬೆಳೆಸಿ ಹರಡಿದ್ದು ಆಗ ತೋಟ ನೋಡ್ಕೊಳ್ತಿದ್ದ ಜಾನ್ ಕ್ಯಾಮರಾನ್ ಕಾಲದಲ್ಲಿ, ಅಂದ್ರೆ 19ನೇ ಶತಮಾನದ ಕೊನೇಲಿ. ಇವತ್ತಿಗೂ ತಮಿಳರು ಅದನ್ನ ಬೆಂಗಳೂರು ಕತ್ತರಿಕ್ಕಾಯ್ ಅಂತಾರೆ, ತೆಲುಗರು ಬೆಂಗಳೂರು ವಂಕಾಯ ಅಂತಾರೆ. ನಮಗೆ ಸೀಮೆಯದು, ಅವ್ರಿಗೆ ಬೆಂಗಳೂರಿಂದು. ತರಕಾರಿ ಯಾವ ದಾರೀಲಿ ಬಂತು ಅಂತ ಎರಡು ಹೆಸರಲ್ಲೇ ಗೊತ್ತಾಗುತ್ತಲ್ಲ, ನಂಗೆ ಇದು ಪ್ರತಿ ಸಲ ಹೇಳುವಾಗ್ಲೂ ಖುಷಿ ಆಗುತ್ತೆ.

ಗಾಜಿನ ಮನೆನೂ ಅದೇ ಕ್ಯಾಮರಾನ್ ಕಾಲದ್ದು. 1889ರ ನವೆಂಬರ್ 30ಕ್ಕೆ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು. ಆಗಸ್ಟ್ 15, ಜನವರಿ 26ರ ಸುಮಾರಿಗೆ ಫ್ಲವರ್ ಶೋ ಆಗೋದು ಇಲ್ಲೇ. ಚೆನ್ನಾಗಿರುತ್ತೆ, ಬೇಡ ಅನ್ನಲ್ಲ, ಆದ್ರೆ ಮೊದಲ ಸಲ ನೋಡೋರು ಆ ದಿನಗಳಲ್ಲಿ ಹೋಗ್ಬೇಡಿ, ಜನರ ಬೆನ್ನು ಬಿಟ್ರೆ ಬೇರೇನೂ ಕಾಣಲ್ಲ.

ಕ್ಯಾಮರಾನ್ ಆದ್ಮೇಲೆ 1908ರಲ್ಲಿ ಕ್ರುಂಬಿಗಲ್ ಬಂದ್ರು. ಜರ್ಮನಿಯವರು, ಕ್ಯೂನಲ್ಲಿ ಕೆಲಸ ಮಾಡಿ, ಬರೋಡಾ ಮಹಾರಾಜರ ತೋಟಗಳನ್ನ ನೋಡ್ಕೊಂಡು, ಆಮೇಲೆ ಮೈಸೂರು ಸಂಸ್ಥಾನಕ್ಕೆ. ಇವರ ಒಂದು ಯೋಚನೆ ನೀವು ಬೆಂಗಳೂರಲ್ಲಿ ಎಲ್ಲಿ ಓಡಾಡಿದ್ರೂ ಕಾಣುತ್ತೆ. ಒಂದು ಜಾತಿ ಮರದ ಹೂವು ಉದುರೋ ಹೊತ್ತಿಗೆ ಇನ್ನೊಂದು ಜಾತಿ ಅರಳ್ಬೇಕು, ವರ್ಷದ ಯಾವ ತಿಂಗಳು ಬಂದ್ರೂ ಊರಲ್ಲಿ ಎಲ್ಲೋ ಒಂದ್ಕಡೆ ಹೂವಿರ್ಬೇಕು, ಹಾಗೆ ಲೆಕ್ಕ ಹಾಕಿ ರಸ್ತೆ ಬದಿಗೆ ಮರ ಹಾಕಿಸಿದ್ರು. ನಿವೃತ್ತಿ ಆದ್ಮೇಲೂ ಊರು ಬಿಡ್ಲಿಲ್ಲ, 1956ರಲ್ಲಿ ಬೆಂಗಳೂರಲ್ಲೇ ತೀರ್ಕೊಂಡ್ರು. ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡಾಗ ಬಸ್ಸಿನ ಕಿಟಕಿಯಿಂದ ಮೇಲೆ ನೋಡಿ, ಆ ಮನುಷ್ಯನ ನೆನಪಾಗ್ಲಿ.

ಅವರ ನಂತರ ನಮ್ಮವರೇ ಆದ ಜವರಾಯರು, ಆಮೇಲೆ ಮರಿಗೌಡರು. ರೈತರ ಮಕ್ಕಳು ಇಲ್ಲಿದೀರಿ, ಮರಿಗೌಡರ ಹೆಸರು ಮರೀಬೇಡಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಕಟ್ಟೋಕೆ ಕಾರಣ ಆದವ್ರು ಅವ್ರು, ಇವತ್ತು ನೀವು ಹಾಪ್‌ಕಾಮ್ಸ್ ಅಂಗಡೀಲಿ ಹಣ್ಣು ತಗೊಳ್ತೀರಲ್ಲ, ಅದೇ ಸಂಘ. ಬೆಳೆದವನಿಗೂ ತಿನ್ನೋನಿಗೂ ಮಧ್ಯೆ ದಲ್ಲಾಳಿ ಕಮ್ಮಿ ಆಗ್ಲಿ ಅಂತ ತೋಟಗಾರಿಕೆ ಇಲಾಖೆಯ ಒಬ್ಬ ಅಧಿಕಾರಿ ಅಷ್ಟು ಯೋಚನೆ ಮಾಡಿದ್ರು ಅನ್ನೋದು ನಂಗೆ ಗಾಜಿನ ಮನೆಗಿಂತ ದೊಡ್ಡ ವಿಷಯ.

ಈಗ ಹೋಗೋ ದಾರಿ. ಮೆಜೆಸ್ಟಿಕ್ಕಲ್ಲಿ ಹಸಿರು ಲೈನ್ ಮೆಟ್ರೋ ಹತ್ತಿದ್ರೆ ನಾಲ್ಕನೇ ಸ್ಟೇಷನ್ನೇ ಲಾಲ್‌ಬಾಗ್, ಇಳಿದ್ರೆ ಪಶ್ಚಿಮದ ಗೇಟ್ ಹತ್ರಾನೇ. ಬೆಳಗ್ಗೆ ಆರಕ್ಕೆಲ್ಲ ವಾಕಿಂಗ್‌ನವರು ಬಂದಿರ್ತಾರೆ, ನೀವೂ ಏಳರೊಳಗೆ ಒಳಗಿರಿ. ಬಿಳಿ ಬೂರುಗದ ಒಂದು ದೊಡ್ಡ ಮರ ಇದೆ, ಅದರ ಬೇರು ಗೋಡೆ ಥರ ಎದ್ದು ನಿಂತಿದೆ, ಮಕ್ಕಳನ್ನ ಮೊದಲು ಅಲ್ಲಿಗೆ ಕರ್ಕೊಂಡು ಹೋಗಿ. ಕೆರೆ ಕಡೆ ಹೋದ್ರೆ ನೀರುಕಾಗೆ ರೆಕ್ಕೆ ಬಿಚ್ಕೊಂಡು ಒಣಗಿಸ್ತಾ ಕೂತಿರ್ತಾವೆ. ಹೂವಿನ ಗಡಿಯಾರ, ಬೋನ್ಸಾಯ್ ಎಲ್ಲ ದಾರೀಲಿ ಸಿಕ್ರೆ ನೋಡಿ, ಹುಡುಕ್ಕೊಂಡು ಹೋಗ್ಬೇಡಿ.

ಆದ್ರೆ ಬಂಡೆ ಮಾತ್ರ ಬಿಡ್ಬೇಡಿ. ಮೇಲೆ ಕೆಂಪೇಗೌಡರ ಗೋಪುರ ಇದೆ, ಎಲ್ರೂ ಅದರ ಹತ್ರ ಸೆಲ್ಫಿ ತಗೊಂಡು ಇಳಿದ್ಬಿಡ್ತಾರೆ. ಕಾಲ ಕೆಳಗಿರೋದನ್ನ ಯಾರೂ ನೋಡಲ್ಲ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಹಿಮಾಲಯ ಎದ್ದಿದ್ದು ಐದು ಕೋಟಿ ವರ್ಷದಿಂದ ಈಚೆಗೆ, ಅದಕ್ಕೆ ಹೋಲಿಸಿ ನೋಡಿ. ಭೂವಿಜ್ಞಾನದವರು ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿ ಫಲಕ ಹಾಕಿದ್ದಾರೆ. ನೆಲದೊಳಗೆ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ಹಿಂಡಿದ ಗುರುತು ಅದರ ಮೈಮೇಲೆ ಬಿಳಿ, ಬೂದು ಪಟ್ಟೆ ಆಗಿ ಉಳ್ಕೊಂಡಿದೆ, ಬಗ್ಗಿ ನೋಡಿದ್ರೆ ಕಾಣುತ್ತೆ.

ಅವ್ವ ಅವತ್ತು ಆ ಬಂಡೆ ಮೇಲೆ ಚಪ್ಪಲಿ ಬಿಟ್ಟು ಕೂತ್ಲು. ಸುತ್ತ ನೋಡಿದ್ರೆ ಮರದ ತಲೆ, ಅದರಾಚೆ ಕಟ್ಟಡ, ಹಾರ್ನ್ ಸದ್ದು ಎಲ್ಲಿಂದಲೋ ಬಂದ ಹಾಗೆ. ಕಲ್ಲಿನ ವಯಸ್ಸು ಹೇಳ್ದೆ, ಏನೂ ಮಾತಾಡ್ಲಿಲ್ಲ, ಅಂಗೈ ಊರಿ ಸುಮಾರು ಹೊತ್ತು ಹಾಗೇ ಕೂತಿದ್ಲು. ಬೆಳಗ್ಗೆ ಹೊತ್ತು ಆ ಕಲ್ಲು ತಣ್ಣಗಿರುತ್ತೆ, ಹತ್ತು ಗಂಟೆ ದಾಟಿದ್ರೆ ಕಾದ್ಬಿಡುತ್ತೆ, ಅದಕ್ಕೇ ನಿಮ್ಮ ಪಟ್ಟೀಲಿ ಲಾಲ್‌ಬಾಗ್‌ನ ಮೊದಲಿಗೆ ಹಾಕಿ ಅಂದಿದ್ದು.