ಕಂದು ಬಣ್ಣ ಕಂಡರೆ ರೋಗ ಕಂಡಂತಲ್ಲ

ವೇದಿಕೆಯ ಮೇಲಿರುವ ಹಿರಿಯರಿಗೆ, ಸಭೆಯಲ್ಲಿರುವ ದಂತವೈದ್ಯ ಮಿತ್ರರಿಗೆ, ಹಿಂದಿನ ಸಾಲಿನಲ್ಲಿ ಊಟದ ಕರೆಗೆ ಕಿವಿಗೊಟ್ಟು ಕುಳಿತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ದವಡೆಯ ಗಡ್ಡೆಗಳ ಪತ್ತೆಯಲ್ಲಿ ಪ್ರೋಟೀನ್ ಮಾರ್ಕರ್‌ಗಳು. ಬೆಳಗಿನ ಗೋಷ್ಠಿಯಲ್ಲಿ ಒಬ್ಬರು, ‘ಸಂಶಯ ಬಂದರೆ ಹತ್ತು ಮಾರ್ಕರ್ ಹಾಕಿಸಿ, ಉತ್ತರ ತಾನಾಗಿ ಬರುತ್ತದೆ’ ಎಂದರು. ಆಗಲೇ ನಾನು ಟಿಪ್ಪಣಿಯ ಮೊದಲ ಪುಟವನ್ನು ಮಡಚಿ ಜೇಬಿಗೆ ಹಾಕಿದೆ. ಉತ್ತರ ತಾನಾಗಿ ಬರುವುದಿಲ್ಲ. ಪ್ರಶ್ನೆ ಕೇಳಿದವರಿಗೆ ಮಾತ್ರ ಬರುತ್ತದೆ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳಲಿದ್ದೇನೆ, ಸಹಿಸಿಕೊಳ್ಳಿ.

ವಿಧಾನ ನಿಮಗೆ ಗೊತ್ತಿರುವುದೇ. ಹುಡುಕುವ ಪ್ರೋಟೀನಿಗೆ, ಅಂದರೆ ಮಾರ್ಕರಿಗೆ, ಹೊಂದುವ ಪ್ರತಿಕಾಯವನ್ನು ಗಡ್ಡೆಯ ತೆಳುಪದರ ಅಂಟಿಸಿದ ಗಾಜಿನ ಸ್ಲೈಡಿನ ಮೇಲೆ ಹಾಕುತ್ತೇವೆ. ಅದು ಅಂಟಿದ ಕಡೆ ಕಂದು ಬಣ್ಣ ಬರುವಂತೆ ಮಾಡುತ್ತೇವೆ. ತುಂಡು ಕೆಡದಂತೆ ಹಾಕಿಡುವ ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ, ಪ್ರತಿಕಾಯಕ್ಕೆ ಎಡೆಯೇ ಸಿಗುವುದಿಲ್ಲ. ಸ್ಲೈಡನ್ನು ಮೈಕ್ರೋವೇವ್‌ನಲ್ಲಿ ಕಾಯಿಸಿದರೆ ಆ ಬಿಗಿತ ಸಡಿಲವಾಗುತ್ತದೆ ಎಂದು 1991ರಲ್ಲಿ ತೋರಿಸಿದ ಮೇಲೆ ಈ ವಿದ್ಯೆ ಊರೂರಿಗೆ ಬಂತು. ಇವತ್ತಿಗೂ ಎಷ್ಟೋ ಪ್ರಯೋಗಾಲಯಗಳಲ್ಲಿ ಆ ಕೆಲಸಕ್ಕೆ ಇರುವುದು ಅಡುಗೆಮನೆಯ ಪ್ರೆಷರ್ ಕುಕ್ಕರ್. ಎಷ್ಟು ಸೀಟಿ ಕೂಗಿಸಬೇಕು ಎಂಬುದರ ಬಗ್ಗೆ ತಂತ್ರಜ್ಞರ ನಡುವೆ ನಡೆಯುವ ಜಗಳ ಯಾವ ಅತ್ತೆ ಸೊಸೆಯರ ನಡುವೆಯೂ ನಡೆಯಲಾರದು!

ಈಗ ನಿಮ್ಮ ಕುರ್ಚಿಗೆ ಬರುವ ರೋಗಿಯನ್ನೇ ತೆಗೆದುಕೊಳ್ಳಿ. ಇಪ್ಪತ್ತರ ಹುಡುಗ, ಕೆಳದವಡೆಯಲ್ಲಿ ಹೊರಬರದ ಮೂರನೇ ದವಡೆಹಲ್ಲು, ಎಕ್ಸ್‌ರೇಯಲ್ಲಿ ಅದರ ತಲೆಯ ಸುತ್ತ ಕಪ್ಪು ಚೀಲ. ಅದು ಡೆಂಟಿಜೀರಸ್ ಸಿಸ್ಟ್, ಅಂದರೆ ಹೊರಬರದ ಹಲ್ಲಿನ ಸುತ್ತ ತುಂಬಿಕೊಳ್ಳುವ ಬರಿಯ ನೀರಿನ ಚೀಲ ಆದರೆ ಚೀಲ ಬಿಡಿಸಿ, ಹಲ್ಲು ತೆಗೆದು ಮನೆಗೆ ಕಳುಹಿಸುತ್ತೀರಿ. ಒಂದೇ ಚೀಲದ ಅಮೆಲೊಬ್ಲಾಸ್ಟೊಮಾ, ಅಂದರೆ ಹಲ್ಲು ಕಟ್ಟುವ ಕೋಶಗಳಿಂದ ಹುಟ್ಟುವ ಗಡ್ಡೆ ಆಗಿದ್ದು, ಚೀಲದ ಗೋಡೆಯೊಳಗೂ ಇಳಿದಿದ್ದರೆ? ಕೆರೆದು ಬಿಟ್ಟರೆ ಮರುಕಳಿಸುತ್ತದೆ. ಸುತ್ತ ಒಂದೆರಡು ಸೆಂಟಿಮೀಟರ್ ಮೂಳೆಯನ್ನೂ ತೆಗೆಯಬೇಕಾದೀತು. ಮದುವೆಯ ವಯಸ್ಸಿನ ಹುಡುಗನ ಮುಖದ ಪ್ರಶ್ನೆ ಅದು. ವಿಕರ್ಸ್ ಮತ್ತು ಗಾರ್ಲಿನ್ 1970ರಲ್ಲಿ ಹೇಳಿದ ಅಮೆಲೊಬ್ಲಾಸ್ಟೊಮಾದ ಲಕ್ಷಣಗಳು, ಅಂದರೆ ಸಾಲಾಗಿ ನಿಂತ ತಳದ ಕೋಶಗಳು, ತಳ ಬಿಟ್ಟು ಮೇಲಕ್ಕೆ ಸರಿದ ಕಪ್ಪು ನ್ಯೂಕ್ಲಿಯಸ್‌ಗಳು ಕಂಡರೆ ಮಾರ್ಕರ್ ಏಕೆ ಬೇಕು? ಆದರೆ ಚೀಲಕ್ಕೆ ಸೋಂಕು ತಗಲಿದ್ದರೆ ಆ ಲಕ್ಷಣಗಳೆಲ್ಲ ಅಳಿಸಿಹೋಗಿರುತ್ತವೆ. ಆಗ ಕ್ಯಾಲ್‌ರೆಟಿನಿನ್ ಹಾಕಿ. ಕ್ಯಾಲ್ಸಿಯಂ ಹಿಡಿದಿಡುವ ಈ ಪ್ರೋಟೀನ್ ಅಮೆಲೊಬ್ಲಾಸ್ಟೊಮಾದ ಮೇಲಿನ ಪದರಗಳಲ್ಲಿ ಕಂದಾಗಿ ಕಾಣುತ್ತದೆ. ಡೆಂಟಿಜೀರಸ್ ಸಿಸ್ಟ್‌ನಲ್ಲಿ, ದವಡೆಯ ಇನ್ನೊಂದು ಬಗೆಯ ಚೀಲವಾದ ಕೆರಟೊಸಿಸ್ಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ‘ಸಾಮಾನ್ಯವಾಗಿ’ ಎಂದೆ. ಕಂದು ಬಣ್ಣ ತೋರಿದ ಕೆರಟೊಸಿಸ್ಟ್‌ಗಳ ವರದಿಗಳೂ ಇವೆ. ಇದೋ ಅದೋ ಎಂದು ಕೇಳಿದವರಿಗೆ ಅದು ದಾರಿ ತೋರಿಸುತ್ತದೆ. ಏನನ್ನೂ ಕೇಳದೆ ಹಾಕಿದವರಿಗೆ ಬಿಲ್ ತೋರಿಸುತ್ತದೆ.

ಒಂದು ಪ್ರಸಂಗ ಹೇಳಲೇಬೇಕು. ನನ್ನ ವಿದ್ಯಾರ್ಥಿಗಳಿಗೆ ಇದು ಬಾಯಿಪಾಠವಾಗಿದೆ, ಅವರು ಬೇಕಾದರೆ ಮೊಬೈಲ್ ನೋಡಿಕೊಳ್ಳಲಿ. ನಾನು ಸ್ನಾತಕೋತ್ತರ ಓದುತ್ತಿದ್ದ ಕಾಲ. ಹಾವೇರಿ ಕಡೆಯ ಒಬ್ಬ ಹೆಂಗಸು, ನಲವತ್ತೈದರ ಆಸುಪಾಸು, ಕೆಳದವಡೆ ಊದಿಕೊಂಡಿತ್ತು. ಸ್ಲೈಡಿನಲ್ಲಿ ದೈತ್ಯಕೋಶಗಳು, ಅಲ್ಲಲ್ಲಿ ಸೋರಿದ ರಕ್ತ. ದವಡೆಮೂಳೆಯೊಳಗಿನ ದೈತ್ಯಕೋಶಗಳ ಗಡ್ಡೆ, ಅಂದರೆ ಸೆಂಟ್ರಲ್ ಜೈಂಟ್ ಸೆಲ್ ಗ್ರಾನುಲೋಮಾ ಎಂದು ಎಲ್ಲರೂ ಒಪ್ಪಿದರು, ಶಸ್ತ್ರಚಿಕಿತ್ಸೆಯ ದಿನವೂ ಗೊತ್ತಾಯಿತು. ನಮ್ಮ ಪ್ರಾಧ್ಯಾಪಕರು ಮಾತ್ರ ಸ್ಲೈಡ್ ಬಿಟ್ಟೆದ್ದು ವಾರ್ಡಿಗೆ ಹೋದರು. ನಾನು ಹಿಂದೆ. ‘ಆ ಕವರ್ ಕೊಡಮ್ಮ’ ಎಂದರು. ನಮ್ಮ ರೋಗಿಗಳೆಲ್ಲರ ದಿಂಬಿನ ಕೆಳಗೆ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ಇರುತ್ತದಲ್ಲ, ಅದು. ಪಡಿತರ ಚೀಟಿಯ ಜೆರಾಕ್ಸ್ ಬಂತು, ಕರೆಂಟ್ ಬಿಲ್ ಬಂತು, ಮಗನ ಅಂಕಪಟ್ಟಿ ಬಂತು. ಪ್ರಾಧ್ಯಾಪಕರು ಅಂಕಪಟ್ಟಿಯನ್ನೂ ಬಿಡದೆ ಓದಿ, ‘ಗಣಿತದಲ್ಲಿ ಚೆನ್ನಾಗಿದ್ದಾನೆ’ ಎಂದರು. ಅದರ ಕೆಳಗೆ ಹಳೆಯ ಸ್ಕ್ಯಾನಿಂಗ್ ಚೀಟಿ: ಎರಡೂ ಮೂತ್ರಪಿಂಡಗಳಲ್ಲಿ ಕಲ್ಲು. ಆಕೆ ಆಗ ಮೆಲ್ಲಗೆ ಹೇಳಿದರು, ಮೈಮೂಳೆಯೆಲ್ಲ ನೋಯುತ್ತದೆ, ವಯಸ್ಸಾಯಿತು ಎಂದುಕೊಂಡಿದ್ದೆ ಎಂದು.

ರಕ್ತ ಕಳುಹಿಸಿದೆವು. ಕ್ಯಾಲ್ಸಿಯಂ ಏರಿತ್ತು, ಮೂಳೆಯಿಂದ ಕ್ಯಾಲ್ಸಿಯಂ ಹೊರತೆಗೆಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಇರಬೇಕಾದ್ದಕ್ಕಿಂತ ಹತ್ತಾರು ಪಟ್ಟು ಇತ್ತು. ಗಡ್ಡೆ ಇದ್ದದ್ದು ಕುತ್ತಿಗೆಯಲ್ಲಿ, ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿ. ಅದನ್ನು ತೆಗೆದ ಮೇಲೆ ದವಡೆಯ ಊತ ತಿಂಗಳುಗಳಲ್ಲಿ ತಾನೇ ಇಳಿದು ಗಟ್ಟಿ ಮೂಳೆಯಾಯಿತು. ಸ್ಲೈಡ್ ಓದಿದವರದು ತಪ್ಪಲ್ಲ. ಈ ಹಾರ್ಮೋನ್ ಹೆಚ್ಚಾಗಿ ಮೂಳೆಯಲ್ಲಿ ಬರುವ ಊತ, ಅಂದರೆ ಬ್ರೌನ್ ಟ್ಯೂಮರ್, ಸೂಕ್ಷ್ಮದರ್ಶಕದಲ್ಲಿ ಹಾಗೆಯೇ ಕಾಣುತ್ತದೆ. ಆ ಹಾರ್ಮೋನೂ 84 ಅಮೈನೋ ಆಮ್ಲಗಳ ಪ್ರೋಟೀನೇ ಎಂಬುದನ್ನು ಗಮನಿಸಿ. ಮಾರ್ಕರ್ ಇತ್ತು, ಸ್ಲೈಡಿನಲ್ಲಿರಲಿಲ್ಲ, ಅಷ್ಟೇ. ಮಂಡಿಯ ಸುತ್ತ ಬರುವ ದೈತ್ಯಕೋಶ ಗಡ್ಡೆಯನ್ನು ಗುರುತಿಸಲು ಈಗ ಹಿಸ್ಟೋನ್ ಎಚ್3.3 ಎಂಬ ಪ್ರೋಟೀನಿನ ಜಿ34ಡಬ್ಲ್ಯು ಬದಲಾವಣೆಯನ್ನು ಹಿಡಿಯುವ ಪ್ರತಿಕಾಯವಿದೆ. ಆದರೆ ದವಡೆಯ ಗ್ರಾನುಲೋಮಾದಲ್ಲಿಯೂ ಬ್ರೌನ್ ಟ್ಯೂಮರಿನಲ್ಲಿಯೂ ಅದು ಕಂದು ತೋರುವುದಿಲ್ಲ. ಇವೆರಡನ್ನು ಬೇರ್ಪಡಿಸಲು ಇವತ್ತಿಗೂ ರಕ್ತವನ್ನೇ ನೋಡಬೇಕು, ಕವರನ್ನೇ ಬಿಚ್ಚಬೇಕು.

ಚೀಟಿ ಬಂತು. ಐದು ನಿಮಿಷವಂತೆ. ಸರಿ.

ಕೋಶಕ್ಕೆ ಬೆಳೆಯುವ ಸೂಚನೆ ಕೊಡುವ ಬಿ-ರಾಫ್ ಎಂಬ ಪ್ರೋಟೀನನ್ನು ಬಿಡಲಾಗದು. ಅಮೆಲೊಬ್ಲಾಸ್ಟೊಮಾಗಳಲ್ಲಿ, ಅದರಲ್ಲೂ ಕೆಳದವಡೆಯವುಗಳಲ್ಲಿ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಈ ಪ್ರೋಟೀನಿನ 600ನೇ ಸ್ಥಾನದಲ್ಲಿ ವ್ಯಾಲೀನ್ ಹೋಗಿ ಗ್ಲುಟಾಮಿಕ್ ಆಮ್ಲ ಬಂದಿರುತ್ತದೆ ಎಂದು 2014ರಲ್ಲಿ ಗೊತ್ತಾಯಿತು. ಬದಲಾದ ಪ್ರೋಟೀನನ್ನು ಮಾತ್ರ ಹಿಡಿಯುವ ವಿಇ1 ಪ್ರತಿಕಾಯವಿದೆ. ಕಂದು ಬಂದರೆ ನಮ್ಮ ಸಂಶಯಕ್ಕೆ ಬಲ ಸಿಗುತ್ತದೆ. ಬಾರದಿದ್ದರೆ ಅಮೆಲೊಬ್ಲಾಸ್ಟೊಮಾ ಅಲ್ಲ ಎಂದು ಬರೆಯಬೇಡಿ. ಈ ಬದಲಾವಣೆ ಇರುವ, ಶಸ್ತ್ರಚಿಕಿತ್ಸೆಗೆ ಒಗ್ಗದ ಗಡ್ಡೆಗಳಿಗೆ ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಜೋಡಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆಯೂ ಸಿಕ್ಕಿದೆ. ಹಾಗಾಗಿ ಇಲ್ಲಿ ಪ್ರಶ್ನೆ ಹೆಸರಿನದಷ್ಟೇ ಅಲ್ಲ, ಔಷಧದ್ದೂ ಹೌದು.

ಕೀ-67 ಎಂಬ ಮಾರ್ಕರ್, ಕೋಶಗಳು ಎಷ್ಟು ವೇಗವಾಗಿ ಹೆಚ್ಚುತ್ತಿವೆ ಎನ್ನುತ್ತದೆ, ಗಡ್ಡೆಯ ಹೆಸರು ಹೇಳುವುದಿಲ್ಲ. ಕ್ಯಾನ್ಸರ್ ಅಲ್ಲದ ಫೈಬ್ರಸ್ ಡಿಸ್‌ಪ್ಲೇಸಿಯಾವೋ ಮೂಳೆಯ ಕ್ಯಾನ್ಸರಾದ ನಿಧಾನಗತಿಯ ಆಸ್ಟಿಯೋಸಾರ್ಕೋಮಾವೋ ಎಂಬಲ್ಲಿ ಎಂಡಿಎಂ2, ಸಿಡಿಕೆ4 ಎಂಬ ಪ್ರೋಟೀನುಗಳು ನೆರವಾಗುತ್ತವೆ. ಉಳಿದದ್ದನ್ನು ಊಟದಲ್ಲಿ ಕೇಳಿ.

ಕೊನೆಯದಾಗಿ ಶಸ್ತ್ರಚಿಕಿತ್ಸಕರಿಗೆ ಜಗಳದ ಮಾತು. ಬಯಾಪ್ಸಿಯನ್ನು ಸ್ಪಿರಿಟ್‌ನಲ್ಲಿ ಕಳುಹಿಸಬೇಡಿ, ಇಂಜೆಕ್ಷನ್ ಬಾಟಲಿಯಲ್ಲಂತೂ ಬೇಡವೇ ಬೇಡ. ಮೆತ್ತಗೆ ಒಳಹೋದ ತುಂಡು ಗಟ್ಟಿಯಾಗಿ ಹೊರಬರುವುದೇ ಇಲ್ಲ, ನಾವು ಗಾಜು ಒಡೆಯುತ್ತೇವೆ. ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಹಾಕಿ. ಮೂಳೆಯ ಜೊತೆ ಮೆದು ಭಾಗವಿದ್ದರೆ ಬೇರೆ ಬಾಟಲಿಯಲ್ಲಿಡಿ. ಮೂಳೆ ಕರಗಿಸುವ ತೀಕ್ಷ್ಣ ಆಮ್ಲ ಪ್ರೋಟೀನನ್ನೂ ಕೆಡಿಸುತ್ತದೆ. ಕೋರಿಕೆ ಪತ್ರದಲ್ಲಿ ‘ದವಡೆ ಊತ’ ಎಂದು ಎರಡು ಪದ ಬರೆದು ಸಹಿ ಹಾಕಬೇಡಿ, ನಿಮ್ಮ ಸಂಶಯವನ್ನು ಬರೆಯಿರಿ, ಎಕ್ಸ್‌ರೇ ಕಳುಹಿಸಿ. ಹೊರಗಿನ ಮೇಜಿನ ಮೇಲೆ ಅಗಲ ಬಾಯಿಯ ಬಾಟಲಿಗಳನ್ನು ಇಡಿಸಿದ್ದೇನೆ, ಹಣ ಕೊಡಬೇಕಿಲ್ಲ. ಹೋಗುವಾಗ ಒಬ್ಬೊಬ್ಬರು ನಾಲ್ಕು ನಾಲ್ಕು ತೆಗೆದುಕೊಂಡು ಹೋಗಿ.