ಇಪ್ಪತ್ತನಾಲ್ಕು ಗಂಟೆ ಯಾಕೆ ಕಾಯ್ತೀರಿ?

ಕೇಳುಗರಿಗೆ ನಮಸ್ಕಾರ. ಮನೆಯವರೊಬ್ಬರು ಕತ್ತಲಾದರೂ ಬರಲಿಲ್ಲ, ಫೋನ್ ಸ್ವಿಚ್ ಆಫ್. ಠಾಣೆಗೆ ಹೊರಟರೆ ಯಾರಾದರೂ ತಡೆಯುತ್ತಾರೆ: "24 ಗಂಟೆ ಆಗ್ಲಿ, ಆಮೇಲೆ ದೂರು." ಇಂಥ ಕಾನೂನೇ ಇಲ್ಲ! ಕಾನೂನಿನಲ್ಲಿರುವ 24 ಗಂಟೆ ಬೇರೆ. ಬಂಧಿಸಿದವರನ್ನು ಅಷ್ಟರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅಷ್ಟೇ. ಕಾಣೆಯಾದವರಿಗೆ ಗಡುವಿಲ್ಲ. ಅದೇ ದಿನ ಹೋಗಿ.

ನಾನು ಹೊಸ ಸಬ್ ಇನ್‌ಸ್ಪೆಕ್ಟರ್ ಆಗಿದ್ದಾಗ ನಾಲೆಯಲ್ಲಿ ಒಂದು ಹೆಣ ತೇಲಿ ಬಂತು. ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಿಸಿದೆವು. ಪಂಚರನ್ನು ಕೂರಿಸಿಕೊಂಡು ನಮ್ಮ ರೈಟರ್ ಚಹರೆ ಬರೆದರು: "ಕೋಲು ಮುಖ, ಗೋಧಿ ಬಣ್ಣ, ಸಾಧಾರಣ ಮೈಕಟ್ಟು." ಅಲ್ಲ ಸ್ವಾಮಿ, ಇದರಲ್ಲಿ ಅರ್ಧ ಜಿಲ್ಲೆಯೇ ಬರುತ್ತಲ್ವಾ? ಶರ್ಟಿನ ಕಾಲರ್ ತಿರುಗಿಸಿದೆ. ಟೈಲರ್ ಅಂಗಡಿಯ ಪಟ್ಟಿ ಇತ್ತು. ನಲವತ್ತು ಕಿಲೋಮೀಟರ್ ಆಚೆಯ ಊರು.

ಶರ್ಟನ್ನು ಕವರಿನಲ್ಲಿಟ್ಟುಕೊಂಡು ಬಸ್ ಹತ್ತಿದೆ. ಟೈಲರ್ ಕಾಜಾದ ಮೇಲೆ ಬೆರಳಾಡಿಸಿ, "ನಮ್ಮ ಕೈಯದೇ ಸಾರ್" ಅಂದರು. ಹಳೆ ಬಿಲ್ ಬುಕ್ ತೆಗೆದರು. ಒಂದು ಹಾಳೆಗೆ ಅದೇ ನೀಲಿ ಗೆರೆಯ ಬಟ್ಟೆ ತುಂಡು ಪಿನ್ ಮಾಡಿತ್ತು, ಪಕ್ಕದಲ್ಲೇ ಹೆಸರು.

ಮನೆ ಎರಡು ಬೀದಿ ಆಚೆ. ಹೆಂಡತಿ ಅಂದಿದ್ದು ಇಷ್ಟು: "ಠಾಣೆಗೆ ಹೋಗಿದ್ವಿ ಸಾರ್. ಒಂದಿನ ನೋಡಿ ಬನ್ನಿ ಅಂದ್ರು. ನೆಂಟರ ಮನೇಲಿರ್ಬೋದು ಅಂತ ಸುಮ್ನಾದ್ವಿ." ಅಷ್ಟರಲ್ಲಿ ನಾವು ಹೆಣ ಹೂಳಿ ಆಗಿತ್ತು. ಆ ಕವರನ್ನೇ ಅವರ ಮುಂದೆ ಬಿಚ್ಚಿದೆ. ಆ ಠಾಣೆಯಲ್ಲಿ 'ಮನುಷ್ಯ ಕಾಣೆ' ಫೈಲು ಇದ್ದಿದ್ದರೆ, ಹೆಣದ ಬಗ್ಗೆ ನಾವು ಠಾಣೆಗಳಿಗೆ ಕಳಿಸಿದ್ದ ವೈರ್‌ಲೆಸ್ ಸಂದೇಶ ಅದಕ್ಕೆ ತಾಳೆಯಾಗುತ್ತಿತ್ತು. ಫೈಲೇ ಇಲ್ಲ, ತಾಳೆ ಎಲ್ಲಿಂದ? ಅದಕ್ಕೇ ಹೇಳುವುದು, ಅದೇ ದಿನ ಹೋಗಿ.

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಗುರುತಿಲ್ಲದ ಹೆಣ ಸಿಕ್ಕರೆ ಫೋಟೋ, ಬೆರಳಚ್ಚು, ಡಿಎನ್‌ಎ ಮಾದರಿ ತೆಗೆದಿಟ್ಟ ಮೇಲೇ ಹೂಳಬೇಕು. ಅದು ನಮ್ಮ ಇಲಾಖೆಯ ಕೆಲಸ. ಮಗು ಕಾಣೆಯಾದರೆ ಎಫ್‌ಐಆರ್ ಮಾಡಲೇಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. "ನೋಡೋಣ" ಅನ್ನುವ ಹಾಗಿಲ್ಲ. ನೀವು ಮಚ್ಚೆ, ಹಚ್ಚೆ, ಹಳೆ ಆಪರೇಷನ್ ಗುರುತು, ಹಾಕಿದ್ದ ಬಟ್ಟೆ ಎಲ್ಲ ಬರೆಸಿ. ದೂರು ಕೊಟ್ಟಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಇತ್ತೀಚಿನ ಫೋಟೋ ಹಿಡಿದುಕೊಂಡು ಹೋಗಿ. ದಯವಿಟ್ಟು ಮದುವೆ ಫೋಟೋ ಬೇಡ. ಪೇಟ, ಬಾಸಿಂಗ ಬಿಟ್ಟರೆ ಅದರಲ್ಲಿ ಏನೂ ಕಾಣುವುದಿಲ್ಲ.